ಬಸವಣ್ಣನವರ ಎದುರು ಫೋಟೊ ತೆಗೆಸಿಕೊಂಡ ಮೇಲೆ

ನಮ್ಮ ಕಡೆಯ ಲಿಂಗಾಯತರು ಯಾರೇ ಲಂಡನ್ನಿಗೆ ಬರಲಿ, ಅವರನ್ನು ಸುತ್ತಾಡಿಸುವ ದಾರಿ ಈಗ ಎಲ್ಲರಿಗೂ ಗೊತ್ತಿರುವ ದಾರಿ. ಬಿಗ್ ಬೆನ್, ಬಕಿಂಗ್‌ಹ್ಯಾಮ್ ಅರಮನೆ, ಟವರ್ ಬ್ರಿಜ್. ಅದಾದ ಮೇಲೆ ಥೇಮ್ಸ್ ನದಿಯ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಉದ್ಯಾನದಲ್ಲಿರುವ ಬಸವಣ್ಣನವರ ಪ್ರತಿಮೆ. ಅಲ್ಲಿ ಕೈಮುಗಿದು, ನದಿಯಾಚೆಯ ಪಾರ್ಲಿಮೆಂಟ್ ಕಟ್ಟಡವನ್ನು ನೋಡಿ, ಫೋಟೊ ತೆಗೆಸಿಕೊಂಡು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದರೆ ಯಾತ್ರೆ ಮುಗಿಯಿತು. ನಿವೃತ್ತಿಯಾದ ಮೇಲೆ ನಾನು ವರ್ಷದಲ್ಲಿ ಐದಾರು ತಿಂಗಳು ಇಲ್ಲಿ ಮಗಳ ಮನೆಯಲ್ಲಿ, ಉಳಿದ ತಿಂಗಳು ತುಮಕೂರಿನಲ್ಲಿ ಇರುವವನು. ಬಂದವರಿಗೆ ಊರು ತೋರಿಸುವ ಕೆಲಸ ಮನೆಯಲ್ಲಿ ನನ್ನ ಪಾಲಿನದು. ಹಗಲು ಹೊತ್ತು ಬಿಡುವಾಗಿರುವವನು ನಾನೊಬ್ಬನೇ.

ಆದರೆ ಈ ದಾರಿ ಅರ್ಧದಾರಿ ಎಂಬುದು ನನ್ನ ಅಭಿಪ್ರಾಯ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಲ್ಯಾಂಬೆತ್ ಪ್ರದೇಶದ ಆ ಉದ್ಯಾನದಲ್ಲಿ ಬಸವಣ್ಣನವರ ಪ್ರತಿಮೆಯನ್ನು ಅನಾವರಣ ಮಾಡಿದರು. ಅದೇ ದಿನ, ಇದೇ ನಗರದಲ್ಲಿ, ಅವರೇ ಇನ್ನೊಂದು ಸ್ಥಳವನ್ನೂ ಉದ್ಘಾಟಿಸಿದರು. ಅದು ಉತ್ತರ ಲಂಡನ್ನಿನ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆ. 1921-22ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ವಿದ್ಯಾರ್ಥಿಯಾಗಿ ವಾಸವಾಗಿದ್ದ ಮನೆ. ಇಲ್ಲಿಗೆ ಬರುವ ನಮ್ಮವರಲ್ಲಿ ಪ್ರತಿಮೆಯನ್ನು ನೋಡದೆ ಹಿಂದಿರುಗಿದವರನ್ನು ನಾನು ಕಂಡಿಲ್ಲ. ಆ ಮನೆಯನ್ನು ನೋಡಿ ಬಂದೆ ಎಂದವರನ್ನೂ ಕಂಡಿಲ್ಲ. ಎರಡರ ನಡುವೆ ಸುರಂಗ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ಪ್ರಯಾಣ. ಆ ಅರ್ಧ ಗಂಟೆ ನಮಗೆ ಯಾಕೆ ಇಷ್ಟು ದೂರವಾಗಿದೆ?

ಕಳೆದ ಬೇಸಿಗೆಯಲ್ಲಿ (ಇಲ್ಲಿನ ಬೇಸಿಗೆ ಎಂದರೆ ನಮ್ಮ ಆಷಾಢ, ಶ್ರಾವಣ) ನನ್ನ ಇಬ್ಬರು ಹಳೆಯ ಗೆಳೆಯರು ಬಂದಿದ್ದರು. ಮೂವರೂ ತುಮಕೂರಿನ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದಿದವರು, ಮೂವರೂ ಸರ್ಕಾರಿ ಕೆಲಸ ಮಾಡಿ ನಿವೃತ್ತರಾದವರು. ಹಾಸ್ಟೆಲಿನ ದಿನಗಳಿಂದ ನಾವು ಒಬ್ಬರನ್ನೊಬ್ಬರು ಊರ ಹೆಸರಿನಿಂದಲೇ ಕರೆಯುವುದು: ಒಬ್ಬ ಗುಬ್ಬಿ, ಇನ್ನೊಬ್ಬ ಕುಣಿಗಲ್. ಈ ಲೇಖನದಲ್ಲೂ ಅದೇ ಇರಲಿ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. 'ಹೆಸರೊಂದು ಬೇಡ ಕಣಪ್ಪ' ಎಂದು ಕುಣಿಗಲ್ ಹೇಳಿದ್ದಾನೆ.

ಹಳೆಯ ಗೆಳೆಯರಿಗೆ ಪರದೇಶದ ಊರು ತೋರಿಸುವುದರಲ್ಲಿ ಒಂದು ತಮಾಷೆ ಇದೆ. ಅವರು ಹೊಸ ಊರನ್ನು ನೋಡುವುದೇ ಇಲ್ಲ, ತಮ್ಮ ಊರನ್ನು ಇಲ್ಲಿ ಹುಡುಕುತ್ತಾರೆ. ಅರಮನೆಯ ಕುದುರೆ ಪಹರೆಯವರನ್ನು ನೋಡಿ ಕುಣಿಗಲ್, 'ನಮ್ಮ ಕುದುರೆ ಫಾರಂ ಕುದುರೆ ಮುಂದೆ ಇವೇನು' ಎಂದ. ಹೈಡ್ ಪಾರ್ಕಿನ ಕೆರೆಯನ್ನು ನೋಡಿ, ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ ನಿಂತ ಹಾಗಿಲ್ಲ ಎಂದ. ಅದನ್ನು ನಾನೂ ಒಪ್ಪಿದೆ. ಗುಬ್ಬಿಗೆ ಷೇಕ್ಸ್‌ಪಿಯರ್‌ನ ಗ್ಲೋಬ್ ರಂಗಮಂದಿರ ನೋಡಲೇಬೇಕಿತ್ತು. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯ ಊರಿನವನಲ್ಲವೇ! ಈಗಿರುವ ಗ್ಲೋಬ್ 1997ರಲ್ಲಿ ಹಳೆಯ ಮಾದರಿಯಲ್ಲಿ ಮತ್ತೆ ಕಟ್ಟಿದ್ದು ಎಂದು ತಿಳಿದಾಗ ಅವನ ಮುಖದಲ್ಲಿ ಒಂದು ಸಮಾಧಾನ ಕಂಡಿತು. ವೀರಣ್ಣನವರು ಆನೆ, ಕುದುರೆಗಳನ್ನು ರಂಗದ ಮೇಲೆ ತಂದು ಕುರುಕ್ಷೇತ್ರ ಆಡಿಸಿದ್ದನ್ನು ಅಲ್ಲಿದ್ದ ಟಿಕೆಟ್ ಹುಡುಗಿಗೆ ಇಂಗ್ಲಿಷಿನಲ್ಲಿ ವಿವರಿಸಿದ. ಅವಳು ಪಾಪ, ಕೊನೆಯವರೆಗೂ ಕೇಳಿಸಿಕೊಂಡಳು.

ಮೂರನೆಯ ದಿನ ಬಸವಣ್ಣನವರ ದರ್ಶನ. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಆ ತುದಿಯಲ್ಲಿ ಇಳಿದು ನದಿಯ ಪಕ್ಕದಲ್ಲೇ ನಡೆದೆವು. ಆ ದಾರಿಯಲ್ಲಿ ಒಂದು ಉದ್ದನೆಯ ಗೋಡೆ ಇದೆ. 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡವರ ಮನೆಯವರು ಒಬ್ಬೊಬ್ಬರಿಗೆ ಒಂದೊಂದರಂತೆ ಕೆಂಪು ಹೃದಯದ ಚಿತ್ರ ಬರೆದ ಗೋಡೆ ಅದು. ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೂ ಅದೇ. ಅದೇ ವರ್ಷ ಮೇ ತಿಂಗಳಲ್ಲಿ ಗುಬ್ಬಿ ಹೆಂಡತಿಯನ್ನು ಕಳೆದುಕೊಂಡಿದ್ದ. ಅವನು ಆ ಗೋಡೆಯ ಪಕ್ಕ ಮಾತಿಲ್ಲದೆ ನಡೆದ. ನಾವೂ ಮಾತಾಡಿಸಲಿಲ್ಲ.

ಲ್ಯಾಂಬೆತ್ ಸೇತುವೆ ದಾಟಿದ ಮೇಲೆ ಮೂವರಿಗೂ ಇಂಜಿನಿಯರ್ ಬುದ್ಧಿ ಬಂತು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ತಾಳಲಾರದೆ ಪಾರ್ಲಿಮೆಂಟ್ ಸದಸ್ಯರು ಮೂಗು ಮುಚ್ಚಿಕೊಂಡದ್ದು, ಆಮೇಲೆ ಜೋಸೆಫ್ ಬಜಲ್‌ಗೆಟ್ ಇಡೀ ನಗರಕ್ಕೆ ಒಳಚರಂಡಿ ಕಟ್ಟಿದ್ದು ನಮ್ಮ ಪಾಠದಲ್ಲಿದ್ದ ಕಥೆ. ಉತ್ತರ ದಡದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟಿನ ಹೊಟ್ಟೆಯಲ್ಲಿ ದೊಡ್ಡ ಚರಂಡಿ ಹೋಗುತ್ತದೆ. ಅದೇ ಬಜಲ್‌ಗೆಟ್ 1860ರ ದಶಕದ ಕೊನೆಗೆ ಕಟ್ಟಿದ ಈ ಆಲ್ಬರ್ಟ್ ದಂಡೆಯಲ್ಲಿ ಆ ಮುಖ್ಯ ಚರಂಡಿ ಇಲ್ಲ. ಈ ವಿಷಯ ಹೇಳಿದಾಗ ಕುಣಿಗಲ್‌ಗೆ ಭಾರೀ ಖುಷಿ: 'ಅಂದ್ರೆ ಅಪ್ಪ ಬಸವಣ್ಣನ ಕೆಳಗೆ ಶುದ್ಧ ಮಣ್ಣು ಅನ್ನು!'

ಪ್ರತಿಮೆ ಗಾತ್ರದಲ್ಲಿ ದೊಡ್ಡದೇನಲ್ಲ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರು ಮುಂದೆ ನಿಂತು ಮಾಡಿಸಿದ್ದು. ಪರದೇಶದ ಸಾರ್ವಜನಿಕ ಉದ್ಯಾನದಲ್ಲಿ ಒಂದು ಪ್ರತಿಮೆ ನಿಲ್ಲಿಸಲು ಎಷ್ಟು ಕಡತ ಓಡಾಡಬೇಕು ಎಂಬುದು ಸರ್ಕಾರಿ ಕೆಲಸ ಮಾಡಿದವರಿಗೆ ಊಹಿಸಲು ಕಷ್ಟವಲ್ಲ. ಆ ಶ್ರಮಕ್ಕೆ ನನ್ನ ಶರಣು. ಕುಣಿಗಲ್ ಎಡೆಯೂರಿನಿಂದ ವಿಭೂತಿಗಟ್ಟಿ ತಂದಿದ್ದ. ಪ್ರತಿಮೆಗೆ ಹಚ್ಚುವುದು ಬೇಡ, ಇಲ್ಲಿಯವರ ನಿಯಮ ಏನಿದೆಯೋ ಎಂದೆ. ಅವನು ತನ್ನ ಹಣೆಗೂ ನಮ್ಮಿಬ್ಬರ ಹಣೆಗೂ ಹಚ್ಚಿದ. ಫೋಟೊ ಆಯಿತು. ಗುಬ್ಬಿ ಎಂದಿನಂತೆ ಹೇಳಿದ: 'ನೋಡು, ಇವರ ಪಾರ್ಲಿಮೆಂಟಿಗೆ ಮುಂಚೆ ನಮ್ಮ ಪಾರ್ಲಿಮೆಂಟು.'

ಈ ಮಾತನ್ನು ನಾವು ಎಲ್ಲರೂ ಹೇಳುತ್ತೇವೆ. ವೇದಿಕೆಯ ಮೇಲೆ ಹೇಳುತ್ತೇವೆ, ಆಹ್ವಾನಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತೇವೆ. ಅನುಭವ ಮಂಟಪವನ್ನು ಸಂಸತ್ತಿಗೆ ಹೋಲಿಸುವುದರಲ್ಲಿ ತಪ್ಪಿದೆ ಎಂದು ನಾನು ಹೇಳುವುದಿಲ್ಲ. ಆದರೆ ಯಾವುದು ಮೊದಲು ಎಂಬ ಲೆಕ್ಕಕ್ಕಿಂತ ಅಲ್ಲಿ ಯಾರ ಪಕ್ಕದಲ್ಲಿ ಯಾರು ಕುಳಿತಿದ್ದರು ಎಂಬ ಲೆಕ್ಕ ದೊಡ್ಡದು. ಡೋಹರ ಕಕ್ಕಯ್ಯನವರು, ಅಂಬಿಗರ ಚೌಡಯ್ಯನವರು, ಆಯ್ದಕ್ಕಿ ಲಕ್ಕಮ್ಮನವರು ಕುಳಿತಿದ್ದ ಸಭೆ ಅದು. ಕುಳಿತದ್ದಷ್ಟೇ ಅಲ್ಲ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾಯಿತು, ಅದಕ್ಕಾಗಿ ಇಬ್ಬರು ತಂದೆಯರೂ ಎಳೆಹೂಟೆಯ ಶಿಕ್ಷೆ ಅನುಭವಿಸಿದರು, ಕಲ್ಯಾಣವೇ ಒಡೆದುಹೋಯಿತು. ಶರಣರನ್ನು ಯಾರೂ ಚರ್ಚೆ ಮಾಡಿದ್ದಕ್ಕೆ ಕೊಲ್ಲಲಿಲ್ಲ. ಮದುವೆ ಮಾಡಿದ್ದಕ್ಕೆ ಕೊಂದರು. ಫೋಟೊದಲ್ಲಿ ಪಾರ್ಲಿಮೆಂಟ್ ಬಂದರೆ ಸಾಲದು ಎನ್ನುವುದು ಇದಕ್ಕೇ.

ಆ ಪಾರ್ಲಿಮೆಂಟಿನಲ್ಲಿ ಏನಾಯಿತು ಎಂಬುದನ್ನೂ ನಾನು ಬಂದವರಿಗೆ ಅಲ್ಲೇ ನಿಂತು ಹೇಳುತ್ತೇನೆ. ನಾನು ಹೇಳಿದ ಯಾರಿಗೂ ಈ ಸಂಗತಿ ಮೊದಲೇ ಗೊತ್ತಿರಲಿಲ್ಲ. ಬ್ರಿಟನ್ನಿನಲ್ಲಿ 2010ರಲ್ಲಿ ಸಮಾನತಾ ಕಾಯ್ದೆ ಬಂತು. ಬಣ್ಣ, ರಾಷ್ಟ್ರೀಯತೆ, ಮೂಲ ಇವುಗಳ ಆಧಾರದ ಮೇಲೆ ಭೇದ ಮಾಡಬಾರದು ಎಂದು ಅದು ಹೇಳುತ್ತದೆ. ಅದಕ್ಕೆ 'ಜಾತಿ'ಯನ್ನೂ ಸೇರಿಸಬೇಕೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಇಲ್ಲಿನ ಸರ್ಕಾರವೇ ಮಾಡಿಸಿದ ಒಂದು ಅಧ್ಯಯನ ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಕಟವಾಗಿ, ಬ್ರಿಟನ್ನಿನಲ್ಲೂ ಕೆಲಸದ ಜಾಗಗಳಲ್ಲಿ, ಸೇವೆಗಳಲ್ಲಿ ಜಾತಿಭೇದ ಇರುವುದಕ್ಕೆ ಪುರಾವೆ ಕೊಟ್ಟಿತು. 2013ರಲ್ಲಿ ಮೇಲ್ಮನೆಯಲ್ಲಿ ಲಾರ್ಡ್ ಹ್ಯಾರಿಸ್ ಎಂಬ ನಿವೃತ್ತ ಬಿಷಪ್ ಹಟ ಹಿಡಿದು ತಿದ್ದುಪಡಿ ತಂದರು. ಜಾತಿಯನ್ನು ಕಾಯ್ದೆಗೆ ಸೇರಿಸುವುದು ಸರ್ಕಾರದ ಕರ್ತವ್ಯ ಎಂದಾಯಿತು. ಆಮೇಲೆ ವರ್ಷಗಳು ಉರುಳಿದವು. ದಲಿತ ಸಂಘಟನೆಗಳು ಬೇಕು ಎಂದವು. ಹಲವು ಹಿಂದೂ ಸಂಘಟನೆಗಳು, ಇಲ್ಲಿ ಜಾತಿ ಎಂಬುದೇ ಇಲ್ಲ, ಕಾನೂನು ಮಾಡಿದರೆ ಇಲ್ಲದ್ದನ್ನು ತಂದ ಹಾಗಾಗುತ್ತದೆ ಎಂದವು. 2017ರಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ 16,000ಕ್ಕೂ ಹೆಚ್ಚು ಉತ್ತರ ಬಂದವು. 2018ರ ಜುಲೈನಲ್ಲಿ ಸರ್ಕಾರ ತೀರ್ಮಾನಿಸಿತು: ಸೇರಿಸುವುದು ಬೇಡ, ನ್ಯಾಯಾಲಯದ ತೀರ್ಪುಗಳೇ ಸಾಕು.

ನ್ಯಾಯಾಲಯದ ತೀರ್ಪು ಎಂದರೆ ಮುಖ್ಯವಾಗಿ ಒಂದು ಪ್ರಕರಣ. ಬಿಹಾರದ ಆದಿವಾಸಿ ಹೆಣ್ಣುಮಗಳೊಬ್ಬಳನ್ನು ಭಾರತೀಯ ಮೂಲದ ಕುಟುಂಬವೊಂದು ಮನೆಕೆಲಸಕ್ಕೆಂದು ಇಲ್ಲಿಗೆ ಕರೆತಂದು ನಾಲ್ಕೂವರೆ ವರ್ಷ ದಿನಕ್ಕೆ 18 ಗಂಟೆ ದುಡಿಸಿತ್ತು. ಅವಳಿಗೆ ಸಿಕ್ಕಿದ್ದು ಗಂಟೆಗೆ 11 ಪೆನ್ನಿ. ಜಾತಿಯೂ 'ಮೂಲ' ಎಂಬುದರೊಳಗೆ ಬರಬಹುದು ಎಂದು ಮೇಲ್ಮನವಿ ನ್ಯಾಯಮಂಡಳಿ 2014ರ ಡಿಸೆಂಬರಿನಲ್ಲಿ ಹೇಳಿತು. ಮರುವರ್ಷ ಬಾಕಿ ಕೂಲಿಯೆಂದೇ ಅವಳಿಗೆ 1,83,000 ಪೌಂಡಿಗೂ ಹೆಚ್ಚು ಹಣ ಕೊಡುವಂತೆ ಆದೇಶವಾಯಿತು. ಕಾಯ್ದೆಯಲ್ಲಿ ಹೆಸರು ಹಾಕದೆ ನ್ಯಾಯಾಲಯಕ್ಕೆ ಬಿಡುವುದು, ಸೇತುವೆಗೆ ಭಾರಮಿತಿಯ ಫಲಕ ಹಾಕದೆ ಮುರಿದುಬಿದ್ದಾಗ ವಿಚಾರಣೆ ಮಾಡೋಣ ಎಂದ ಹಾಗೆ. ಇದು ನನ್ನ ಅಭಿಪ್ರಾಯ, ಕಾನೂನು ಬಲ್ಲವರು ಬೇರೆ ಹೇಳಬಹುದು. ಆದರೆ ಬಸವಣ್ಣನವರ ಪ್ರತಿಮೆಗೆ ಕಾಣುವಷ್ಟು ದೂರದಲ್ಲಿ, ಪ್ರತಿಮೆ ನಿಂತ ಮೂರು ವರ್ಷದೊಳಗೆ ಇದು ನಡೆಯಿತು. ಇಲ್ಲಿರುವ ನಾವು ಬಸವಭಕ್ತರು ಆ 16,000 ಉತ್ತರಗಳಲ್ಲಿ ಎಷ್ಟು ಬರೆದೆವು, ಏನೆಂದು ಬರೆದೆವು? ನಮ್ಮ ಸಭೆಗಳಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಇದನ್ನೆಲ್ಲ ಕೇಳಿದ ಮೇಲೆ ಗುಬ್ಬಿ ಕಾಫಿ ತರಲು ಹೋದ. ಕುಣಿಗಲ್ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತು, 'ನಿನ್ನಿಂದ ಒಂದು ಕೆಲಸ ಆಗ್ಬೇಕಲ್ಲ' ಎಂದ.

ಅವನ ಮಗ ಲಂಡನ್ನಿನಿಂದ ಒಂದು ಗಂಟೆಯ ದೂರದ ರೆಡಿಂಗ್ ಊರಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲೇ ಔಷಧ ಕಂಪನಿಯೊಂದರಲ್ಲಿರುವ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದಿದ್ದಾನೆ. ಹುಡುಗಿ ಗುಬ್ಬಿ ತಾಲ್ಲೂಕಿನವಳೇ. ಅಪ್ಪ ಪ್ರೌಢಶಾಲೆಯ ಮೇಷ್ಟ್ರಾಗಿದ್ದವರು.

'ಹುಡುಗಿ ಹೆಂಗೆ?' ಎಂದೆ.

'ಚಿನ್ನದಂಥ ಹುಡುಗಿ ಕಣಯ್ಯ. ಅದೇ ಕಷ್ಟ' ಎಂದ. ಆಮೇಲೆ ದನಿ ತಗ್ಗಿಸಿ, 'ನಮ್ಮೋರಲ್ಲ. ಎಸ್ಸಿ' ಎಂದ. ಯಾಕೆ ದನಿ ತಗ್ಗಿಸಿದನೋ! ಅಲ್ಲಿ ನಮ್ಮನ್ನು ಬಿಟ್ಟರೆ ಕನ್ನಡ ಬಲ್ಲವರು ಬಸವಣ್ಣನವರೊಬ್ಬರೇ.

ನಾನು ಮಗನನ್ನು ಒಂದು ದಿನ ಲಂಡನ್ ಸುತ್ತಿಸಿ, ಹಿತವಾಗಿ ಬುದ್ಧಿ ಹೇಳಿ ಮನಸ್ಸು ತಿರುಗಿಸಬೇಕು ಎಂಬುದು ಅವನ ಕೋರಿಕೆ. 'ನನ್ನ ಮಾತು ಕೇಳಲ್ಲ, ನಿನ್ನ ಮಾತು ಕೇಳ್ತಾನೆ' ಎಂದ. ಬೇರೆ ಒಳಪಂಗಡದವಳಾಗಿದ್ದರೂ ಹೇಗೋ ನಿಭಾಯಿಸುತ್ತಿದ್ದೆ ಎಂದೂ ಸೇರಿಸಿದ. ಅದನ್ನೇ ದೊಡ್ಡ ಔದಾರ್ಯವೆಂದು ನಾವು ತಿಳಿದಿದ್ದೇವೆ. ಲಿಂಗಾಯತರೊಳಗೇ ನೊಳಂಬ, ಸಾದರ, ಬಣಜಿಗ, ಗಾಣಿಗ ಎಂದು ನೋಡಿ ವಧೂವರರನ್ನು ಹುಡುಕುವ ಗುಂಪುಗಳಲ್ಲಿ ಈಗ ಪರದೇಶದ ಮಕ್ಕಳ ವಿವರಗಳೂ ಬರುತ್ತವೆ. ಎಂಟು ಸಾವಿರ ಕಿಲೋಮೀಟರ್ ಹಾರಿ ಬಂದ ಮೇಲೂ ಒಳಪಂಗಡದ ಅಂಕಣ ಖಾಲಿ ಬಿಡುವವರಿಲ್ಲ.

ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. 'ಇನ್ನೊಂದು ಜಾಗ ನೋಡೋದಿದೆ, ಬಾ' ಎಂದೆ.

ವಾಕ್ಸ್‌ಹಾಲ್ ನಿಲ್ದಾಣದಲ್ಲಿ ರೈಲು ಹತ್ತಿ, ಯೂಸ್ಟನ್‌ನಲ್ಲಿ ಬದಲಿಸಿ, ಚಾಕ್ ಫಾರ್ಮ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಕಿಂಗ್ ಹೆನ್ರೀಸ್ ರಸ್ತೆ. ಸಾಲುಮನೆಗಳ ಸದ್ದಿಲ್ಲದ ಬೀದಿ. ಗೋಡೆಯ ಮೇಲೆ ಅಂಬೇಡ್ಕರ್ ಅವರ ಹೆಸರು, ಅವರು ಇಲ್ಲಿದ್ದ ವರ್ಷಗಳನ್ನು ಬರೆದ ದುಂಡನೆಯ ಫಲಕ. ಹುಟ್ಟಿದ ವರ್ಷ 1891 ಎಂದು ಓದಿದ ತಕ್ಷಣ ಗುಬ್ಬಿ, 'ಅರೆ, ನಮ್ಮ ವೀರಣ್ಣನವರು ಹುಟ್ಟಿದ ವರ್ಷ!' ಎಂದ. ಅವನಿಗೆ ಎಲ್ಲವೂ ಅಲ್ಲಿಗೇ ಬಂದು ನಿಲ್ಲಬೇಕು.

ಈ ಮನೆಯನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ 30 ಲಕ್ಷ ಪೌಂಡಿಗೂ ಮೀರಿ ಕೊಟ್ಟು ಕೊಂಡಿತು. ವಾಸದ ಮನೆಯನ್ನು ಸ್ಮಾರಕ ಮಾಡುವುದಕ್ಕೆ ಇಲ್ಲಿನ ಸ್ಥಳೀಯ ಆಡಳಿತ ಅನುಮತಿ ಕೊಡಲಿಲ್ಲ. ವಿಚಾರಣೆ ನಡೆದು 2020ರ ಮಾರ್ಚ್‌ನಲ್ಲಿ ಕೇಂದ್ರದ ಮಂತ್ರಿಯೇ ಅನುಮತಿ ಕೊಟ್ಟರು. ಭೂಪರಿವರ್ತನೆಯ ತಾಪತ್ರಯ ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದ ನನ್ನ ಗೆಳೆಯರಿಗೆ ಇದು ಸಮಾಧಾನ ತಂದಿತು.

ಅಂಬೇಡ್ಕರ್ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದುತ್ತ, ಗ್ರೇಸ್ ಇನ್‌ನಲ್ಲಿ ಬ್ಯಾರಿಸ್ಟರ್ ಪದವಿಗೂ ತಯಾರಾಗುತ್ತ ಇದ್ದ ಕಾಲ ಅದು. ಬ್ರಿಟಿಷ್ ಮ್ಯೂಸಿಯಮ್ಮಿನ ಓದುಕೋಣೆಯಲ್ಲಿ ಬೆಳಿಗ್ಗೆ ಕುಳಿತರೆ ಬಾಗಿಲು ಹಾಕುವ ತನಕ ಏಳುತ್ತಿರಲಿಲ್ಲವಂತೆ. ರೂಪಾಯಿಯ ಸಮಸ್ಯೆಯ ಬಗ್ಗೆ ಅವರು ಬರೆದ ಮಹಾಪ್ರಬಂಧ 1923ರಲ್ಲಿ ಪುಸ್ತಕವಾಯಿತು. ನಮ್ಮ ಕುಣಿಗಲ್ ಸಿದ್ಧಗಂಗೆಯ ಉಚಿತ ವಿದ್ಯಾರ್ಥಿ ನಿಲಯದಲ್ಲಿದ್ದು ಪ್ರೌಢಶಾಲೆ ಮುಗಿಸಿದವನು. ಬಡತನದಲ್ಲಿ ಓದುವುದು ಅಂದರೇನು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವನು ಆ ಮನೆಯಲ್ಲಿ ಬಹಳ ಹೊತ್ತು ನಿಂತಿದ್ದ.

ನಾನು ಹೇಳಬೇಕೆಂದಿರುವ ವಿಷಯ ಇಲ್ಲಿದೆ. ಸಿದ್ಧಗಂಗೆಯಲ್ಲಿ ಪೂಜ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು ಎಲ್ಲ ಜಾತಿಯ ಸಾವಿರಾರು ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸಿ ಉಣ್ಣಿಸಿದರು, ಒಂದೇ ಅಂಗಳದಲ್ಲಿ ಪ್ರಾರ್ಥನೆ ಮಾಡಿಸಿದರು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಹೋಟೆಲಿನಲ್ಲಿ ಬೇರೆ ಲೋಟ ಇದ್ದ ಕಾಲದಲ್ಲಿ ಇದು ನಡೆಯಿತು. ಕುಣಿಗಲ್ ಆ ಸಾಲಿನಲ್ಲಿ ಕುಳಿತು ಉಂಡವನು. ಅವನ ಎಡಗಡೆಗೂ ಬಲಗಡೆಗೂ ಯಾರಿದ್ದರು ಎಂದು ಅವನು ಎಂದೂ ಕೇಳಲಿಲ್ಲ. ಈ ಮಾತನ್ನು ಅವನೇ ಹೆಮ್ಮೆಯಿಂದ ಹೇಳುತ್ತಾನೆ, ಅದು ನಿಜವೂ ಹೌದು. ಪಂಕ್ತಿಯಲ್ಲಿ ಜಾತಿ ಬಿಟ್ಟಿದ್ದೇವೆ. ಆದರೆ ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ ಇಡಲು ಐವತ್ತು ವರ್ಷ ಆದರೂ ಕಾಲು ಏಳುತ್ತಿಲ್ಲ.

ಅಂಬೇಡ್ಕರ್ ಅವರು 1936ರಲ್ಲಿ ಇದನ್ನೇ ಬರೆದರು. ಲಾಹೋರಿನ ಸುಧಾರಕರ ಸಂಘವೊಂದು ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಬರೆದದ್ದನ್ನು ಓದಿ ಹೆದರಿ, ಸಭೆಯನ್ನೇ ರದ್ದು ಮಾಡಿತು. ಆ ಭಾಷಣವನ್ನು ಅವರು 'ಜಾತಿ ವಿನಾಶ' ಎಂದು ಪುಸ್ತಕವಾಗಿ ಹೊರತಂದರು. ಜೊತೆಯಲ್ಲಿ ಉಂಡರೆ ಜಾತಿ ಸಾಯುವುದಿಲ್ಲ, ನಿಜವಾದ ಮದ್ದು ಅಂತರ್ಜಾತಿ ಮದುವೆ, ಅದಕ್ಕೆ ಅಡ್ಡ ಬರುವ ನಂಬಿಕೆಯನ್ನು ಬಿಡಬೇಕು ಎಂಬುದು ಅದರ ತಿರುಳು. ಕಲ್ಯಾಣದಲ್ಲಿ ಸುಮಾರು ಎಂಟುನೂರು ವರ್ಷ ಮೊದಲೇ ನಡೆದದ್ದು ಇದೇ ಅಲ್ಲವೇ? ಅದನ್ನು ಮಾಡಿ ತೋರಿಸಿದವರ ಪ್ರತಿಮೆ ನದಿಯ ದಂಡೆಯಲ್ಲಿದೆ, ಮಾಡಿ ಎಂದು ಬರೆದವರ ಮನೆ ಇಲ್ಲಿದೆ. ಅಲ್ಲಿ ಹಾರ ಹಾಕಿ ಇಲ್ಲಿಗೆ ಬಾರದೆ ಹೋಗುವುದು ಸುಮ್ಮನೆ ಸಮಯವಿಲ್ಲದ್ದಕ್ಕಲ್ಲ ಎಂದು ನನಗೆ ಅನ್ನಿಸುತ್ತದೆ. ಅಲ್ಲಿ ನಮ್ಮನ್ನು ಯಾರೂ ಏನೂ ಕೇಳುವುದಿಲ್ಲ, ಇಲ್ಲಿ ಕೇಳುತ್ತಾರೆ.

ಇದಕ್ಕೆ ನಮ್ಮವರು ಹೇಳುವ ಉತ್ತರಗಳು ನನಗೆ ಗೊತ್ತು. ನಮ್ಮ ಧರ್ಮ ಬೇರೆ, ಅಂಬೇಡ್ಕರ್ ಅವರು ಹಿಡಿದ ದಾರಿ ಬೇರೆ ಎಂಬುದೊಂದು. ಅವರು 1956ರಲ್ಲಿ ಬೌದ್ಧರಾದರು, ಸರಿ. ಅವರ ದಾರಿಯಲ್ಲೇ ನಡೆಯಿರಿ ಎಂದು ನಾನು ಹೇಳುತ್ತಿಲ್ಲ. ನಮ್ಮ ದಾರಿಯಲ್ಲಿ ನಾವು ನಡೆದರೆ ಅವರ ಮನೆಯ ಮುಂದೆಯೇ ಹಾದುಹೋಗುತ್ತೇವೆ ಎನ್ನುತ್ತಿದ್ದೇನೆ ಅಷ್ಟೆ. ಇನ್ನೊಂದು, 'ಸಮಾಜ ಇನ್ನೂ ಸಿದ್ಧವಾಗಿಲ್ಲ.' ಈ ಮಾತು ನಿಜ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಅಂತರ್ಜಾತಿ ಮದುವೆಗಳು ನೂರಕ್ಕೆ ಐದರಷ್ಟು ಮಾತ್ರ. ಆದರೆ ಸಮಾಜ ಎಂದರೆ ಯಾರು? ಕುಣಿಗಲ್‌ನ ಮನೆಯಲ್ಲಿ ಸಮಾಜ ಎಂದರೆ ಅವನೂ ಅವನ ಹೆಂಡತಿಯೂ, ಅವರ ಇಬ್ಬರು ಷಡ್ಡಕರೂ.

ಮೂರನೆಯ ಉತ್ತರವನ್ನು ಅವತ್ತು ರೈಲಿನಲ್ಲಿ ಹಿಂದಿರುಗುವಾಗ ಕುಣಿಗಲ್ ತಾನೇ ಹೇಳಿದ: 'ಹುಡುಗಿ ಲಿಂಗದೀಕ್ಷೆ ತಗೊಂಡ್ರೆ?' ಸುಧಾರಕರಾದ ನಮ್ಮಲ್ಲಿ ಅನೇಕರು ಇದನ್ನು ಒಳ್ಳೆಯ ಪರಿಹಾರ ಎನ್ನುತ್ತಾರೆ. ದೀಕ್ಷೆ ಪಡೆದವರ ಹಿಂದಿನ ಕುಲ ಕೇಳಬಾರದು ಎಂಬುದು ಶರಣರ ಮಾತೇ. ಹುಡುಗಿಗೆ ಶರಣರ ತತ್ವ ಹಿಡಿಸಿ ತಾನಾಗಿ ಬಂದರೆ ಅದಕ್ಕಿಂತ ಸಂತೋಷ ಏನಿದೆ? ಆದರೆ ಅದನ್ನು ಷರತ್ತು ಮಾಡಿದರೆ ಇಷ್ಟಲಿಂಗ ಹೊಸಿಲಿನಲ್ಲಿ ತೋರಿಸುವ ಪಾಸ್ ಆಗಿಬಿಡುತ್ತದೆ. ನಾನು ಅವನನ್ನು ಕೇಳಿದೆ: 'ನಿನ್ನ ಮಗನ ಕೊರಳಲ್ಲಿ ಲಿಂಗ ಇದೆಯಾ?' ಇಲ್ಲ. ಏಳನೇ ಕ್ಲಾಸಿನಲ್ಲಿ ದೀಕ್ಷೆಯಾಯಿತು, ಹಾಸ್ಟೆಲಿಗೆ ಹೋದಾಗ ಬಿಚ್ಚಿಟ್ಟದ್ದು ಬೀರುವಿನಲ್ಲಿ ಬೆಳ್ಳಿಯ ಕರಡಿಗೆಯಲ್ಲಿದೆ. ಎದುರು ಸೀಟಿನಲ್ಲಿದ್ದ ಗುಬ್ಬಿ ನಗಲು ಶುರುಮಾಡಿದ. ಸ್ವಲ್ಪ ಹೊತ್ತಾದ ಮೇಲೆ ಕುಣಿಗಲ್ಲೂ ನಕ್ಕ. ಅದೇ ಮೊದಲ ಬಾರಿ ಅವತ್ತು ಅವನು ನಕ್ಕದ್ದು.

ಮರುವಾರ ಅವನ ಮಗನನ್ನು ಕರೆಸಿಕೊಂಡೆ. ಹುಡುಗಿಯೂ ಬಂದಳು. ಅವರನ್ನು ಸುತ್ತಾಡಿಸಬೇಕಾದ ಅಗತ್ಯ ಬೀಳಲಿಲ್ಲ, ಅವರಿಗೆ ಈ ಊರು ನನಗಿಂತ ಚೆನ್ನಾಗಿ ಗೊತ್ತು. ಆಲ್ಬರ್ಟ್ ದಂಡೆಯನ್ನೂ ಕಿಂಗ್ ಹೆನ್ರೀಸ್ ರಸ್ತೆಯನ್ನೂ ಇಬ್ಬರೂ ಒಟ್ಟಿಗೆ ನೋಡಿದ್ದಾರಂತೆ. ನಾನು ಹೇಳಿದ್ದು ಒಂದೇ ಮಾತು: ಅಪ್ಪನಿಗೆ ಕೋಪ ಇಲ್ಲ, ಹೆದರಿಕೆ ಇದೆ, ಅದನ್ನು ತಿಳಿದುಕೊಂಡು ಮಾತಾಡಿ. ಕುಣಿಗಲ್‌ಗೆ ಹೇಳಿದ್ದು: ನೀನು ಕೇಳಿದ ಕೆಲಸ ನನ್ನ ಕೈಲಾಗದು, ಬೇರೆ ಯಾವ ಕೆಲಸ ಬೇಕಾದರೂ ಹೇಳು.

ಈ ಪತ್ರಿಕೆ ಮಠಗಳ ಮೂಲಕ ಮನೆಗಳಿಗೆ ಹೋಗುವಂಥದ್ದು. ಆದ್ದರಿಂದ ಪೂಜ್ಯರಲ್ಲಿ ಒಂದು ಬಿನ್ನಹ. ಕುಣಿಗಲ್‌ನಂಥ ತಂದೆಯರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರು ಕೆಟ್ಟವರಲ್ಲ, ಒಬ್ಬಂಟಿಗರು. ಇಂಥ ಮದುವೆಗೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ, ಕಾನೂನು ರಕ್ಷಣೆ ಕೊಡುತ್ತದೆ, ಆದರೆ ನೆಂಟರ ಮುಂದೆ ತಲೆಯೆತ್ತಿ ನಿಲ್ಲುವ ಧೈರ್ಯವನ್ನು ಅವೆರಡೂ ಕೊಡುವುದಿಲ್ಲ. ಅದನ್ನು ಗುರುಗಳು ಕೊಡಬಲ್ಲರು. ಇಂಥ ಮದುವೆ ನಮ್ಮ ಮಠದ ಆವರಣದಲ್ಲಿ, ವಚನಗಳ ಸಾಕ್ಷಿಯಲ್ಲಿ, ನಮ್ಮ ಸಮ್ಮುಖದಲ್ಲಿ ನಡೆಯಲಿ ಎಂದು ಪೂಜ್ಯರು ಮುಂಚಿತವಾಗಿ, ಬಹಿರಂಗವಾಗಿ ಹೇಳಿದರೆ ಸಾಕು. ಯಾರಾದರೂ ಬಂದು ಕೇಳಲಿ, ಆಗ ನೋಡೋಣ ಎಂದರೆ ಕೇಳಲು ಬರುವವರೇ ಇರುವುದಿಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದಾಗ ನಾವು ಸಿಹಿ ಹಂಚಿದೆವು. ಆ ಸಿಹಿಯ ಸಾಲಿನಲ್ಲಿ ಬೀಗರು ಯಾರಾಗಬಹುದು ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಲಂಡನ್ನಿನಲ್ಲಿರುವ ನಮ್ಮ ಬಂಧುಗಳಿಗೂ ಒಂದು ಸಲಹೆ. ಬಸವ ಜಯಂತಿಯ ದಿನ ಪ್ರತಿಮೆಗೆ ಹಾರ ಹಾಕಿದ ಮೇಲೆ ಮಕ್ಕಳನ್ನು ಕರೆದುಕೊಂಡು ಅದೇ ಮಧ್ಯಾಹ್ನ ಚಾಕ್ ಫಾರ್ಮಿಗೂ ಹೋಗಿಬನ್ನಿ. ಮನೆ ತೆರೆದಿರುವ ಹೊತ್ತು ಮೊದಲೇ ನೋಡಿಕೊಳ್ಳಿ. ಊರಿನಿಂದ ಬಂದ ನೆಂಟರಿದ್ದರೆ ಅವರನ್ನೂ ಕರೆದೊಯ್ಯಿರಿ. ಕಾಲು ನೋವು ಎಂದರೆ ಟವರ್ ಬ್ರಿಜ್ ಬಿಡಿ, ಅದನ್ನು ಫೋಟೊದಲ್ಲಿ ನೋಡಿದರೂ ನಡೆಯುತ್ತದೆ.

ನಾನು ಮುಂದಿನ ತಿಂಗಳು ತುಮಕೂರಿಗೆ ಹಿಂದಿರುಗುತ್ತೇನೆ. ಮಗ ದೀಪಾವಳಿಗೆ ಬರುತ್ತಾನಂತೆ. ಅದಕ್ಕೂ ಮುಂಚೆ ಹುಡುಗಿಯ ಮನೆಗೆ ಒಮ್ಮೆ ಹೋಗಿಬರೋಣ ಎಂದು ಕುಣಿಗಲ್ ಮೊನ್ನೆ ಫೋನ್ ಮಾಡಿ ಹೇಳಿದ. ಗುಬ್ಬಿಗೆ ಆ ಹಳ್ಳಿಯ ದಾರಿ ಗೊತ್ತು, ಕಾರು ಅವನದು. ಕುಣಿಗಲ್‌ನ ಹೆಂಡತಿ ಬರುವುದಿಲ್ಲ ಎಂದಿದ್ದಾರೆ. ಹಿಂದಿನ ಸೀಟಿನಲ್ಲಿ ಅವರಿಗೊಂದು ಜಾಗ ಇಟ್ಟೇ ಹೊರಡೋಣ ಎಂದಿದ್ದೇನೆ.